ಕಂಚಿನ ಲೋಟದ ಎಳನೀರು

ಮಹಜರಿನಲ್ಲಿ ನಾವು 'ಮದ್ಯ' ಎಂದು ಬರೆಯುತ್ತಿದ್ದೆವು. ಅಬಕಾರಿ ಇಲಾಖೆಯ ಕಾಗದಪತ್ರದಲ್ಲಿ ಅದಕ್ಕೆ ಅದೇ ಹೆಸರು. ಆದರೆ ಆ ಪದವನ್ನು ಬಾಯಿಬಿಟ್ಟು ಹೇಳಿದ ಒಬ್ಬನೇ ಒಬ್ಬ ಕುಡಿಯುವವನನ್ನು ನನ್ನ ನೌಕರಿಯುದ್ದಕ್ಕೂ ನಾನು ಕಾಣಲಿಲ್ಲ. ಹುಡುಗರಿಗೆ ಅದು ಎಣ್ಣೆ. ಅವರಿಗಿಂತ ಒಂದು ತಲೆ ಹಿಂದಿನವರಿಗೆ ಗುಂಡು. ಕೂಲಿ ಮುಗಿಸಿ ಬಂದವನಿಗೆ ಅಳತೆಯೇ ಹೆಸರು: ನೈಂಟಿ, ಕ್ವಾರ್ಟರ್. ಪಿಂಚಣಿದಾರರಿಗೆ ಔಷಧಿ. ಮಾತು ಬಲ್ಲ ರಸಿಕರಿಗೆ ತೀರ್ಥ. ಜಾತ್ರೆಯ ಮಾರನೆಯ ದಿನ ಅಂಗಡಿ ಕಟ್ಟೆಯ ಮೇಲೆ ಮೈಮರೆತು ಮಲಗಿದವನನ್ನು ತೋರಿಸಿ ಪಕ್ಕದವನು, "ಪರಮಾತ್ಮ ಒಳಗೆ ಹೋಗವ್ನೆ ಸಾರ್, ಈಗ ಏನು ಕೇಳಿದರೂ ಉತ್ತರ ಬರಾಕಿಲ್ಲ" ಎನ್ನುತ್ತಿದ್ದ.

ನನ್ನ ಉದ್ಯೋಗದ ಹೆಸರಿಗೂ ಇದೇ ಗತಿಯಾಯಿತು. ತುರುವೇಕೆರೆ ಕಡೆಯ ವೈದಿಕರ ಮನೆ ನಮ್ಮದು. ಮಗ ಹೆಂಡ ಸಾರಾಯಿಯ ಲೆಕ್ಕ ನೋಡುತ್ತಾನೆ ಎಂದು ನಮ್ಮಮ್ಮ ಬೀಗರೆದುರು ಹೇಗೆ ಹೇಳಿಯಾಳು? 'ತೆರಿಗೆ ಇಲಾಖೆ' ಎನ್ನುತ್ತಿದ್ದಳು. ಸುಳ್ಳೇನೂ ಅಲ್ಲ. ರಾಜ್ಯದ ಖಜಾನೆಗೆ ಆ ಬಾಗಿಲಿಂದ ಬರುವ ಹಣ ಕಡಿಮೆಯದಲ್ಲ.

ಈ ಎರವಲು ಹೆಸರುಗಳು ಬಂದ ದಿಕ್ಕನ್ನು ನೋಡಿ. ಹೆಚ್ಚಿನವು ಬಂದದ್ದು ಅಡುಗೆಮನೆಯಿಂದ, ಔಷಧದ ಗೂಡಿನಿಂದ, ದೇವರ ಮನೆಯಿಂದ. ಅಲ್ಲಿಂದ ಇಲ್ಲಿಗೆ ಬಂದಷ್ಟು ಸಲೀಸಾಗಿ ಇಲ್ಲಿಂದ ಅಲ್ಲಿಗೆ ಯಾವುದೂ ಹೋಗುವುದಿಲ್ಲ. ಅರ್ಚಕರು ಉದ್ಧರಣೆಯಲ್ಲಿ ಕೊಡುವುದನ್ನು ಹೆಂಡ ಎಂದವರಿಲ್ಲ. ಸೂಫಿ ಕವಿಗಳು ದೈವಪ್ರೇಮವನ್ನು ಮದಿರೆ ಎಂದರು, ಆ ಮಾತು ಬೇರೆ. ಅವರದು ಕಾವ್ಯದ ಲೈಸೆನ್ಸು. ನಮ್ಮಲ್ಲಿ ಜಿ.ಪಿ. ರಾಜರತ್ನಂ ಹೆಂಡಗುಡುಕ ರತ್ನನನ್ನು ದೇವರ ಮುಂದೆ ನಿಲ್ಲಿಸಿ ಮಾತಾಡಿಸಿದರು. ಹಾಗೆ ಮಾತಾಡಿಸಿದವರು ಸ್ವತಃ ಹೆಂಡ ಮುಟ್ಟದವರು, ಪಾಲಿ ಕಲಿತು ಬುದ್ಧನ ಮಾತುಗಳನ್ನು ಕನ್ನಡಕ್ಕೆ ತಂದವರು. ಮದ್ಯ ಬೇಡ ಎಂಬ ಶೀಲವನ್ನು ಮೂಲದಲ್ಲೇ ಓದಿದ ಮನುಷ್ಯ ಕನ್ನಡದ ಅತಿ ಪ್ರಸಿದ್ಧ ಕುಡುಕನನ್ನು ಸೃಷ್ಟಿಸಿದರಲ್ಲ ಎಂದು ನನಗೆ ಈಗಲೂ ನಗು ಬರುತ್ತದೆ.

ನನ್ನ ಪ್ರಶ್ನೆ ಸರಳ. ಕುಡಿಯುವ ಪದಾರ್ಥದ ಹೆಸರು ಬದಲಾದರೆ ಕುಡಿದದ್ದು ಬದಲಾಗುತ್ತದೆಯೇ? ಇಲಾಖೆಯ ಉತ್ತರ ಗೊತ್ತೇ ಇದೆ. ಶೀಷೆ ತೆಗೆ, ಹೈಡ್ರೋಮೀಟರ್ ಅದ್ದು, ಅಂಶ ಬರೆ. ಧರ್ಮದ ಉತ್ತರ ಇಷ್ಟು ಸುಲಭವಾಗಿರಲಿಲ್ಲ, ಮತ್ತು ಒಂದೇ ಉತ್ತರವೂ ಇರಲಿಲ್ಲ.

ಮೊದಲು ಒಂದು ಸುಲಭದ ದಾರಿಯನ್ನು ಮುಚ್ಚಿಬಿಡುತ್ತೇನೆ. ಪದದ ಧಾತು ಹುಡುಕಿ 'ಇದೇ ನಿಜವಾದ ಅರ್ಥ' ಎನ್ನುವವರಿದ್ದಾರೆ. ತೀರ್ಥ ಎಂದರೆ ಮೂಲದಲ್ಲಿ ನದಿ ದಾಟುವ ಕಡವು. ಹಾಗೆಂದು ಅರ್ಚಕರ ಮುಂದೆ ಅಂಗೈ ಒಡ್ಡಿದವನಿಗೆ ಯಾರೂ ಕಡವು ಕೊಡಲಾರರು. ಶಾಲೆಯಲ್ಲಿ ನಮಗೆಲ್ಲ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಬಾಯಿಪಾಠ ಮಾಡಿಸಿದ್ದರು. ನಮ್ಮ ಹಳೆಯ ಶಬ್ದಶಾಸ್ತ್ರಜ್ಞರು ಧಾತುವಿನ ಅರ್ಥಕ್ಕೂ ರೂಢಿಯ ಅರ್ಥಕ್ಕೂ ಜಗಳ ಬಂದರೆ ರೂಢಿಯೇ ಗೆಲ್ಲುತ್ತದೆ ಎಂದು ಎಂದೋ ತೀರ್ಪು ಕೊಟ್ಟಿದ್ದಾರೆ. ಶರಬತ್ತು, ಶರಾಬು ಎರಡೂ ಅರಬ್ಬಿಯ 'ಕುಡಿ' ಎಂಬ ಒಂದೇ ಧಾತುವಿನ ಮಕ್ಕಳು. ಒಂದನ್ನು ಮದುವೆಮನೆಯ ಬಾಗಿಲಲ್ಲಿ ಕೊಡುತ್ತಾರೆ, ಇನ್ನೊಂದನ್ನು ಕುಡಿದು ಬಂದವನನ್ನು ಅದೇ ಬಾಗಿಲಿನಿಂದ ಹೊರಗೆ ಕಳಿಸುತ್ತಾರೆ. ಆದ್ದರಿಂದ ನಿಜವಾದ ಅರ್ಥವನ್ನು ನಿಘಂಟಿನ ತಳದಲ್ಲಿ ಹುಡುಕುವ ಕೆಲಸ ಬೇಡ. ಹೆಸರು ಯಾವ ಕೆಲಸ ಮಾಡುತ್ತಿದೆ, ಯಾರ ಪರವಾಗಿ ಮಾಡುತ್ತಿದೆ ಎಂದು ನೋಡೋಣ.

ನಮ್ಮಜ್ಜಿಯ ಅಡುಗೆಮನೆಯಲ್ಲಿ ಒಂದು ಕಟ್ಟಳೆ ಇತ್ತು. ಎಳನೀರನ್ನು ಕಂಚಿನ ಪಾತ್ರೆಗೆ ಹಾಕಬಾರದು. ತೆಂಗಿನ ಸೀಮೆ ನಮ್ಮದು; ಬೇಸಿಗೆಯಲ್ಲಿ ದಿನಾ ಎಳನೀರು ಇಳಿಯುತ್ತಿತ್ತು. ಕಾಯಿಗೇ ಬಾಯಿಟ್ಟು ಕುಡಿಯಬೇಕು, ಇಲ್ಲವೇ ಬೆಳ್ಳಿಯ ಲೋಟ, ಕೊನೆಗೆ ಸ್ಟೀಲಿನದಾದರೂ ಆದೀತು. ಕಂಚಿನ ಲೋಟಕ್ಕೆ ಬಗ್ಗಿಸಲು ಹೋದರೆ ಅಜ್ಜಿ ಕೈ ಹಿಡಿಯುತ್ತಿದ್ದಳು: "ಕಂಚಿಗೆ ಬಿದ್ದರೆ ಅದು ಹೆಂಡಕ್ಕೆ ಸಮ ಕಣೋ." ತಾಮ್ರದ ಪಾತ್ರೆಯಲ್ಲಿ ಹಾಲು, ಮೊಸರು, ಜೇನು ಇಡುವುದೂ ಹಾಗೇ. ತುಪ್ಪಕ್ಕೆ ಮಾತ್ರ ವಿನಾಯಿತಿ. ಇದು ಅಜ್ಜಿಯ ಕಲ್ಪನೆಯಲ್ಲ, ಆಚಾರಗ್ರಂಥಗಳಲ್ಲಿ ಶ್ಲೋಕರೂಪದಲ್ಲೇ ಇದೆ. ತಾಮ್ರಕ್ಕೆ ಹುಳಿ ತಾಗಿದರೆ ಕಿಲುಬು ಬಿಡುತ್ತದೆ ಎಂಬ ಲೋಕಾನುಭವ ಅದರ ಹಿಂದೆ ಇರಬಹುದು. ಆದರೆ ಶ್ಲೋಕ ಕಿಲುಬಿನ ಮಾತಾಡುವುದಿಲ್ಲ, ವಿಷ ಎನ್ನುವುದಿಲ್ಲ. ಮದ್ಯಕ್ಕೆ ಸಮಾನ ಎನ್ನುತ್ತದೆ. ನನ್ನ ಹೈಡ್ರೋಮೀಟರನ್ನು ಎಷ್ಟು ಸಲ ಅದ್ದಿದರೂ ಆ ಲೋಟದಲ್ಲಿ ಸಿಗುವುದು ಎಳನೀರೇ.

ಇದೇ ಕಟ್ಟಳೆಯ ಇನ್ನೊಂದು ಮುಖವನ್ನು ನಾನು ಬಹಳ ತಡವಾಗಿ, ಶಾಕ್ತ ಪೂಜಾಪದ್ಧತಿಯ ಪುಸ್ತಕಗಳನ್ನು ತಿರುವುವಾಗ ನೋಡಿದೆ. ಕೌಲಾಚಾರದ ಪಂಚಮಕಾರಗಳಲ್ಲಿ ಮೊದಲನೆಯದು ಮದ್ಯ. ಮದ್ಯವನ್ನು ಮುಟ್ಟಲಾರದ ಉಪಾಸಕ ಏನು ಮಾಡಬೇಕು? ಅವನಿಗೆ ಅನುಕಲ್ಪ ಹೇಳಿದ್ದಾರೆ: ಕಂಚಿನ ಪಾತ್ರೆಯಲ್ಲಿ ಎಳನೀರು, ತಾಮ್ರದ ಪಾತ್ರೆಯಲ್ಲಿ ಜೇನು. ಅಜ್ಜಿ ಯಾವುದಕ್ಕೆ ಹೆದರಿ ಲೋಟ ಕಿತ್ತುಕೊಳ್ಳುತ್ತಿದ್ದಳೋ ಅದೇ ಸಮೀಕರಣವನ್ನು ಹಿಡಿದು ಇನ್ನೊಬ್ಬ ನಿಶ್ಚಿಂತೆಯಿಂದ ದೇವಿಗೆ ನೈವೇದ್ಯ ಮಾಡುತ್ತಿದ್ದ. ಒಬ್ಬರಿಗೆ ಬೇಲಿಯಾದದ್ದು ಇನ್ನೊಬ್ಬರಿಗೆ ಬಾಗಿಲು. ಇಬ್ಬರೂ ಒಪ್ಪಿದ ವಿಷಯ ಒಂದೇ: ಪದಾರ್ಥ ಬದಲಾಗದೆಯೂ ಅದರ ಹೆಸರು, ಹೆಸರಿನ ಜೊತೆಗೆ ಅದರ ಫಲ, ಬದಲಾಗಬಹುದು.

ಈ ಮಾತನ್ನು ಸುತಾರಾಂ ಒಪ್ಪದವರು ಬೌದ್ಧ ವಿನಯಪಿಟಕದವರು. ಅಲ್ಲಿ ಸಾಗತನೆಂಬ ಭಿಕ್ಷುವಿನ ಕಥೆಯಿದೆ. ಅಂಬತೀರ್ಥದಲ್ಲಿ ಒಂದು ಘೋರ ನಾಗ. ಸಾಗತ ತನ್ನ ತೇಜಸ್ಸಿನಿಂದ ಅದನ್ನು ಮಣಿಸಿದ. ಸುದ್ದಿ ಕೇಳಿದ ಕೌಶಾಂಬಿಯ ಗೃಹಸ್ಥರು, ಭಿಕ್ಷುಗಳಿಗೆ ಸುಲಭವಾಗಿ ಸಿಗದ ಯಾವ ಪದಾರ್ಥ ಕೊಟ್ಟರೆ ಪ್ರಿಯವಾದೀತು ಎಂದು ವಿಚಾರಿಸಿದರು. ಕಿಡಿಗೇಡಿತನಕ್ಕೆ ಹೆಸರಾದ ಆರು ಮಂದಿ ಭಿಕ್ಷುಗಳು 'ಕಾಪೋತಿಕಾ' ಎಂದರು. ಪಾರಿವಾಳದ ಬಣ್ಣದ್ದು ಎಂದು ಅದರ ಅರ್ಥ. ಒಂದು ಬಗೆಯ ತಿಳಿಯಾದ ಮದ್ಯ. ನೋಡಿ, ಎಣ್ಣೆ ಎನ್ನುವ ನಮ್ಮ ಹುಡುಗರ ಅಜ್ಜಂದಿರು ಆಗಲೇ ಇದ್ದರು! ಗೃಹಸ್ಥರು ಸಾಗತನಿಗೆ ಮನೆಮನೆಯಲ್ಲೂ ಒಂದೊಂದು ಪಾತ್ರೆ ಕೊಟ್ಟರು. ನಾಗನನ್ನು ಗೆದ್ದವನು ಊರಬಾಗಿಲಲ್ಲಿ ಉರುಳಿದ. ಹೊತ್ತು ತಂದು ಬುದ್ಧನ ಕಡೆಗೆ ತಲೆ ಮಾಡಿ ಮಲಗಿಸಿದರೆ ಹೊರಳಿ ಬುದ್ಧನ ಕಡೆಗೇ ಕಾಲು ಚಾಚಿದ. ಇವನು ಈಗ ಒಂದು ನೀರುಹಾವನ್ನಾದರೂ ಎದುರಿಸಬಲ್ಲನೇ ಎಂದು ಬುದ್ಧ ಕೇಳಿದನಂತೆ. ಸುರಾ ಮೇರಯಗಳನ್ನು ಕುಡಿಯಕೂಡದೆಂಬ ನಿಯಮ, ಪಾಚಿತ್ತಿಯವೆಂಬ ಭಿಕ್ಷುನಿಯಮಗಳಲ್ಲಿ 51ನೆಯದು, ಹುಟ್ಟಿದ್ದು ಹೀಗೆ.

ನನಗೆ ಹೆಚ್ಚು ಹಿಡಿಸಿದ್ದು ಕಥೆಗಿಂತ ಅದರ ಕೆಳಗಿನ ವಿವರಣೆ. ಮದ್ಯವನ್ನು ಮದ್ಯವಲ್ಲ ಎಂದುಕೊಂಡು ಕುಡಿದರೂ ದೋಷ. ಇದು ಸಾಮಾನ್ಯ ಮಾತಲ್ಲ. ಕರ್ಮವೆಂದರೆ ಚೇತನವೇ, ಸಂಕಲ್ಪವೇ ಎಂದು ಸಾರಿದ ಧರ್ಮ ಅದು. ಅರಿಯದೆ ಇರುವೆ ತುಳಿದವನಿಗೆ ವಿನಾಯಿತಿ ಕೊಡುವ ಅದೇ ಸಂಘ, ಅರಿಯದೆ ಕುಡಿದವನಿಗೆ ಕೊಡಲಿಲ್ಲ. ಏಕೆಂದರೆ ಒಳಗೆ ಹೋದದ್ದು ಸಂಕಲ್ಪಿಸುವ ಮನಸ್ಸನ್ನೇ ಕೆಡಿಸುತ್ತದೆ. ಅದು ನಿಮ್ಮ ನಂಬಿಕೆಯನ್ನು ಕೇಳಿ ಕೆಲಸ ಮಾಡುವುದಿಲ್ಲ. ಎದುರು ಕಡೆಗೂ ನಿಯಮ ಅಷ್ಟೇ ನೇರ: ಮದ್ಯವಲ್ಲದ್ದು ಮದ್ಯದ ಬಣ್ಣ, ವಾಸನೆ, ರುಚಿ ಎಲ್ಲ ಹೊಂದಿದ್ದರೂ ಕುಡಿದರೆ ದೋಷವಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ವಾಕ್ಯವನ್ನು ಓದಿ ನಾನು ಆ ಸಂಘವನ್ನು ಮನಸಾರೆ ನಮ್ಮ ಇಲಾಖೆಗೆ ಸೇರಿಸಿಕೊಂಡೆ.

ಆದರೆ ಈ ವಾಕ್ಯ ಎಲ್ಲ ಕಡೆ ನಡೆಯುವುದಿಲ್ಲ. ನಮ್ಮ ಬೀದಿಯ ಹುಡುಗನೊಬ್ಬ ಅಯ್ಯಪ್ಪನ ಮಾಲೆ ಹಾಕಿಕೊಂಡಿದ್ದ. 41 ದಿನದ ವ್ರತ. ಗೆಳೆಯರ ಜೊತೆ ಕೂತಾಗ ಆಲ್ಕೋಹಾಲ್ ಇಲ್ಲದ ಬಿಯರ್ ತೆಗೆದುಕೊಳ್ಳಬಹುದೇ ಎಂದು, ನಾನು ಆ ಇಲಾಖೆಯವನೆಂಬ ಗೌರವದಿಂದ, ನನ್ನನ್ನೇ ಕೇಳಿದ. ಅವನ ಗುರುಸ್ವಾಮಿ ಆಗಲೇ ಕೂಡದು ಎಂದಿದ್ದರು. ಶೀಷೆ ತಿರುಗಿಸಿ ನೋಡಿದೆ, 0.0 ಎಂದಿತ್ತು. ಇಲಾಖೆಯ ಲೆಕ್ಕದಲ್ಲಿ ಅದು ಬಾರ್ಲಿಯ ಶರಬತ್ತು, ವಿನಯಪಿಟಕದ ಲೆಕ್ಕದಲ್ಲೂ ನಿರ್ದೋಷಿ. ಆದರೂ ನಾನು ಗುರುಸ್ವಾಮಿಯ ಪಕ್ಷ ಹಿಡಿದೆ. ಸಂಜೆ ಏಳಕ್ಕೆ ಗೆಳೆಯರ ನಡುವೆ ಕೂತು, ನೊರೆ ಬರುವ ಹಾಗೆ ಬಗ್ಗಿಸಿ, ಚಿಯರ್ಸ್ ಎಂದು ಕುಡಿಯುವವನು ಪದಾರ್ಥವನ್ನು ಬಿಟ್ಟಿದ್ದಾನೆ, ಬಿಯರ್ ಎಂಬ ಹೆಸರನ್ನು ಕುಡಿಯುತ್ತಲೇ ಇದ್ದಾನೆ. ವ್ರತದಲ್ಲಿ ಬಿಡಬೇಕಾದದ್ದು ಎರಡನ್ನೂ. ಹುಡುಗನಿಗೆ ಸಮಾಧಾನವಾಗಲಿಲ್ಲ, ಹಾಗಾದರೆ ಆ ಬೆಲೆಗೆ ಎರಡು ಎಳನೀರು ಬರುತ್ತಿತ್ತಲ್ಲ ಎಂದು ಗೊಣಗಿಕೊಂಡು ಹೋದ.

ಪದಾರ್ಥವೇ ಮುಖ್ಯ ಎಂದವರಿಗೂ ಮುಂದೆ ಒಂದು ತೊಡಕು ಕಾದಿರುತ್ತದೆ. ನಿಷೇಧ ಹೇಳಿದ ವಾಕ್ಯವೂ ಪದಗಳಿಂದಲೇ ಆದದ್ದು; ಆ ಪದ ಯಾವ ಪದಾರ್ಥವನ್ನು ಹಿಡಿಯುತ್ತದೆ? ಮನುಸ್ಮೃತಿ ಸುರೆಯನ್ನು ಮೂರು ಎಂದು ಎಣಿಸುತ್ತದೆ: ಬೆಲ್ಲದ್ದು ಗೌಡೀ, ಹಿಟ್ಟಿನದು ಪೈಷ್ಟೀ, ಮಧುವಿನದು ಮಾಧ್ವೀ. ಅದರ ಹಿಂದಿನ ಶ್ಲೋಕ ಸುರೆಯನ್ನು ಅನ್ನದ ಮಲ ಎಂದು ಕರೆದಿರುವುದರಿಂದ ನಿಜವಾದ ಸುರೆ ಧಾನ್ಯದ್ದು ಮಾತ್ರವೇ, ಉಳಿದೆರಡಕ್ಕೆ ಆ ಹೆಸರು ಗೌಣವೇ ಎಂದು ವ್ಯಾಖ್ಯಾನಕಾರರು ಜಗ್ಗಾಡಿದರು. ಬ್ರಾಹ್ಮಣನಿಗೆ ಮೂರೂ ನಿಷಿದ್ಧ, ಇತರ ದ್ವಿಜರಿಗೆ ಹಿಟ್ಟಿನದು ಮಾತ್ರ ಎಂಬ ತಾರತಮ್ಯ ಇದ್ದದ್ದರಿಂದ ಇದು ಬರಿಯ ಶಬ್ದದ ಜಗಳವಲ್ಲ. ಪ್ರಾಯಶ್ಚಿತ್ತದ ಭಾರವೇ ಅದರ ಮೇಲೆ ನಿಂತಿತ್ತು. ನಮ್ಮ ಕಲ್ಯಾಣದಲ್ಲಿ, ಚಾಳುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಕೂತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಬರೆದ ವಿಜ್ಞಾನೇಶ್ವರನೂ ಈ ಚರ್ಚೆಯನ್ನು ಬಿಟ್ಟು ಮುಂದೆ ಹೋಗುವಂತಿರಲಿಲ್ಲ.

ಅವನಿಗಿಂತ ಮುನ್ನೂರು ವರ್ಷಕ್ಕೂ ಹಿಂದೆ ಇರಾಕಿನ ಕೂಫಾ ಪಟ್ಟಣದಲ್ಲಿ ಇಮಾಮ್ ಅಬು ಹನೀಫಾರ ಮುಂದೆ ಇದ್ದದ್ದೂ ಇದೇ ಕಡತ. ಕುರಾನು ನಿಷೇಧಿಸಿದ್ದು ಖಮ್ರ್. ಕಟ್ಟುನಿಟ್ಟಿನ ಅರ್ಥದಲ್ಲಿ ಖಮ್ರ್ ಎಂದರೆ ಹುಳಿತ ದ್ರಾಕ್ಷಿರಸ ಎಂದು ಅವರು ಹಿಡಿದರು. ಅದರ ತೊಟ್ಟೂ ಹರಾಮು, ಧಾನ್ಯ ಜೇನುಗಳಿಂದಾದ ಪಾನೀಯಗಳಲ್ಲಿ ಅಮಲೇರಿಸುವಷ್ಟು ಕುಡಿಯುವುದು ಹರಾಮು. ಉಳಿದ ಪಂಥಗಳವರು ಇದನ್ನು ಒಪ್ಪಲಿಲ್ಲ. ಅವರ ಬೆನ್ನಿಗೆ ಖಲೀಫ ಉಮರರ ಪ್ರವಚನವಿತ್ತು: ದ್ರಾಕ್ಷಿ, ಖರ್ಜೂರ, ಜೇನು, ಗೋಧಿ, ಬಾರ್ಲಿ ಯಾವುದರಿಂದಲೇ ಆಗಲಿ, ಬುದ್ಧಿಗೆ ಮುಸುಕು ಹಾಕುವುದೆಲ್ಲ ಖಮ್ರ್. ಅಬು ಹನೀಫಾರ ಶಿಷ್ಯ ಮುಹಮ್ಮದ್ ಅಲ್ ಶೈಬಾನಿಯೇ ಗುರುವನ್ನು ಬಿಟ್ಟು ಈ ಕಡೆ ನಿಂತರು. ಹನಫಿ ಪಂಥವೂ ಕೊನೆಗೆ ಶಿಷ್ಯನ ಹಿಂದೆ ನಡೆಯಿತು. ಜನ ಮುಂದೊಂದು ಕಾಲಕ್ಕೆ ಖಮ್ರನ್ನು ಬೇರೆ ಹೆಸರಿನಲ್ಲಿ ಕುಡಿಯುತ್ತಾರೆ ಎಂಬ ಎಚ್ಚರಿಕೆಯೂ ಹದೀಸಿನಲ್ಲಿದೆ. ಎಣ್ಣೆ, ಗುಂಡು, ತೀರ್ಥಗಳ ಮಹಜರನ್ನು ಮುಂಚಿತವಾಗಿಯೇ ಬರೆದಿಟ್ಟ ಹಾಗೆ.

ಇಲ್ಲೊಂದು ತಮಾಷೆಯನ್ನು ಹೇಳದೆ ಇರಲಾರೆ. ಭಾರತದಲ್ಲಿ ಅಗ್ಗದ ಬೆಲೆಗೆ ಮಾರಾಟವಾಗುವ ವಿಸ್ಕಿಯ ಬಹುಭಾಗದ ಆಧಾರ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್ಟು. ಯುರೋಪಿನ ಕಾನೂನಿನಲ್ಲಿ ಧಾನ್ಯದಿಂದ ಆಗದ್ದಕ್ಕೆ ವಿಸ್ಕಿ ಎಂಬ ಹೆಸರೇ ಇಲ್ಲ. ಅಂದರೆ ಚೀಟಿಯ ಮೇಲೆ ಪೈಷ್ಟೀ, ಶೀಷೆಯೊಳಗೆ ಗೌಡೀ. ಮನುವಿನ ಎಣಿಕೆ ಹಿಡಿದರೆ ಎಷ್ಟು ಜನ ತಾವು ಮಾಡದ ಪಾಪಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾದೀತೋ! 'ಅಮಲೇರಿಸುವ ಮದ್ಯ' ಎಂಬ ಎರಡು ಪದಗಳ ವ್ಯಾಪ್ತಿ ಎಷ್ಟು ಎಂಬ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದವರೆಗೆ ಹೋಗಿ, 2024ರ ಅಕ್ಟೋಬರ್ 23ರಂದು ತೀರ್ಪು ಬಂತು. ಕೈಗಾರಿಕೆಗೆ ಬಳಸುವ ಆಲ್ಕೋಹಾಲ್ ಕೂಡ ಆ ಹೆಸರಿನೊಳಗೆ ಬರುತ್ತದೆ ಎಂದರು ಎಂಟು ಮಂದಿ. ಬರುವುದಿಲ್ಲ ಎಂದು ಒಬ್ಬರೇ ನಿಂತವರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅಲ್ಲಿ ಪ್ರಶ್ನೆಯಿದ್ದದ್ದು ರಾಜ್ಯಗಳ ಅಧಿಕಾರದ್ದು, ಪಾಪದ್ದಲ್ಲ. ಆದರೂ ಆ ತೀರ್ಪಿನ ಸುದ್ದಿ ಓದುವಾಗ ನನಗೆ ಕಲ್ಯಾಣವೂ ಕೂಫಾವೂ ಒಟ್ಟಿಗೆ ನೆನಪಾದವು.

ಹೆಸರು ಅತ್ತಿಂದಿತ್ತ ಜಾರಿದ ಇನ್ನೊಂದು ಪ್ರಕರಣ ನಮ್ಮ ಮನೆಯೊಳಗೇ ಇದೆ. ಅರಬ್ಬಿಯಲ್ಲಿ ಖಹ್ವಾ ಎಂಬುದು ಹಿಂದೆ ಮದಿರೆಗೆ ಇದ್ದ ಹಲವು ಹೆಸರುಗಳಲ್ಲಿ ಒಂದು. ಯೆಮನ್ನಿನ ಸೂಫಿಗಳು ರಾತ್ರಿಯ ಧ್ಯಾನಕ್ಕೆ ನಿದ್ದೆ ಬಾರದಿರಲೆಂದು ಕುಡಿಯುತ್ತಿದ್ದ ಕಪ್ಪು ಕಷಾಯಕ್ಕೆ ಅದೇ ಹೆಸರು ನಿಂತಿತು. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಅದನ್ನು ನಿಷೇಧಿಸಿದ. ನಿಷೇಧ ಬಹುಕಾಲ ಬಾಳಲಿಲ್ಲ. ಮದಿರೆಯ ಹೆಸರು ಹೊತ್ತದ್ದು ಮದಿರೆಯಲ್ಲ ಎಂದು ವಿದ್ವಾಂಸರು ಮೆಲ್ಲಗೆ ಒಪ್ಪಿಕೊಂಡರು. ಅದೇ ಬೀಜವನ್ನು ಬಾಬಾ ಬುಡನ್ ಚಿಕ್ಕಮಗಳೂರಿನ ಗಿರಿಗೆ ತಂದರೆಂದು ನಮ್ಮಲ್ಲಿ ಐತಿಹ್ಯ. ಅಲ್ಲಿಂದ ಇಳಿದು ಬಂದ ಕಾಫಿ ಮಡಿ ಅಡುಗೆಮನೆಗಳನ್ನೂ ಗೆದ್ದಿತು. ನಮ್ಮಮ್ಮ ಏಕಾದಶಿಯ ದಿನ ನೀರಿನ ಹೊರತು ಏನೂ ಮುಟ್ಟುವುದಿಲ್ಲ ಎನ್ನುತ್ತಾ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಲೋಟ ಕಾಫಿ ಕುಡಿಯುತ್ತಿದ್ದಳು. ಕಾಫಿ ಅವಳ ಪಟ್ಟಿಯಲ್ಲಿ ಆಹಾರವೂ ಅಲ್ಲ, ಪಾನವೂ ಅಲ್ಲ. ಅದು ಕಾಫಿ. ಅದರ ಬಗ್ಗೆ ಶಾಸ್ತ್ರ ಹೇಳಿಲ್ಲ, ಆದ್ದರಿಂದ ಶಾಸ್ತ್ರ ತಡೆದಿಲ್ಲ.

ಪದಾರ್ಥವೇ ಗಂಟೆಗಂಟೆಗೆ ಬದಲಾಗುತ್ತಿದ್ದರೆ? ಇಲಾಖೆಯಲ್ಲಿ ನಮ್ಮ ತಲೆಯನ್ನು ಹೆಚ್ಚು ತಿಂದದ್ದು ನೀರಾ. ತೆಂಗಿನ ಹೊಂಬಾಳೆ ಕೊಯ್ದು ಗಡಿಗೆ ಕಟ್ಟುತ್ತಾರೆ, ಗಡಿಗೆಯ ಒಳಮೈಗೆ ಸುಣ್ಣ ಬಳಿದಿರುತ್ತಾರೆ, ಸೂರ್ಯ ಏರುವ ಮುಂಚೆ ಇಳಿಸುತ್ತಾರೆ. ಆಗ ಅದು ಸಿಹಿ, ಮಗುವಿಗೂ ಕೊಡಬಹುದು. ಸುಣ್ಣ ಕಡಿಮೆಯಾಯಿತೋ, ಬಿಸಿಲು ತಾಗಿತೋ, ಮಧ್ಯಾಹ್ನದೊಳಗೆ ಅದು ಹೆಂಡ. ಗಾಂಧೀಜಿ ಹೆಂಡ ಬಿಡಿಸಲು ನೀರಾ ಕುಡಿಸಬೇಕೆಂದವರು. ಕಾನೂನಿನ ಹಳೆಯ ವ್ಯಾಖ್ಯೆಯಲ್ಲಿ ಮಾತ್ರ ಹುಳಿತದ್ದೂ ಹುಳಿಯದ್ದೂ ಎರಡೂ ಒಂದೇ ಹೆಸರಿನಡಿ ಬರುತ್ತಿದ್ದವು. ನುಸಿ ರೋಗದಿಂದ ತೆಂಗು ಕೈಕೊಟ್ಟಾಗ, 2001ರ ಹೊತ್ತಿಗೆ, ರೈತರು ನೀರಾ ಇಳಿಸುತ್ತೇವೆ ಎಂದು ಚಳವಳಿಗೆ ಇಳಿದದ್ದು ಇದಕ್ಕೇ. ಅವರ ವಾದವೂ ಸುಳ್ಳಲ್ಲ, ಇಲಾಖೆಯ ಅಳುಕೂ ಸುಳ್ಳಲ್ಲ. ಎಷ್ಟನೆಯ ಗಂಟೆಗೆ ನೀರಾ ಎಂಬ ಹೆಸರು ಸತ್ತು ಹೆಂಡ ಎಂಬ ಹೆಸರು ಹುಟ್ಟುತ್ತದೆ ಎಂದು ಯಾವ ತಾರ್ಕಿಕನೂ ಗೆರೆ ಎಳೆದು ತೋರಿಸಲಾರ. ಗೆರೆ ಎಳೆಯದೆ ಆಡಳಿತ ನಡೆಸಲೂ ಆಗದು.

ಕೆಥೊಲಿಕ್ ಚರ್ಚು ಇದೇ ಗೆರೆಯನ್ನು ಬಹಳ ಸೂಕ್ಷ್ಮವಾಗಿ ಎಳೆದಿದೆ. ಪೂಜೆಯಲ್ಲಿ ದ್ರಾಕ್ಷಾರಸ ಕ್ರಿಸ್ತನ ರಕ್ತವಾಗುತ್ತದೆ. ಬಣ್ಣ, ರುಚಿ, ವಾಸನೆ ಹಾಗೇ ಉಳಿದು ತತ್ತ್ವ ಮಾತ್ರ ಬದಲಾಗುತ್ತದೆ ಎಂದು ಅವರ ಸಿದ್ಧಾಂತ. 1215ರ ಲ್ಯಾಟರನ್ ಸಭೆಯಿಂದ ಅದಕ್ಕೆ ಅಧಿಕೃತ ಮಾತಿದೆ. ಇಷ್ಟು ದೊಡ್ಡ ಬದಲಾವಣೆಯನ್ನು ನಂಬುವವರು ಕಚ್ಚಾವಸ್ತುವಿನ ವಿಷಯದಲ್ಲಿ ಸಡಿಲವಾಗಿರಬಹುದು ಎಂದುಕೊಂಡರೆ ತಪ್ಪು. ದ್ರಾಕ್ಷಿಯದೇ ಆಗಬೇಕು, ಕೆಟ್ಟಿರಬಾರದು, ಬೇರೆ ಹಣ್ಣಿನದು ನಡೆಯದು. ಕುಡಿತದ ರೋಗದಿಂದ ಬಳಲುವ ಪಾದ್ರಿಗಳಿಗೆ ಅನುಮತಿಯ ಮೇಲೆ 'ಮುಸ್ತುಮ್' ಬಳಸಲು ಅವಕಾಶವಿದೆ. ಅಂದರೆ ಹುದುಗು ಶುರುವಾಗಿ ಅಲ್ಲಿಗೇ ತಡೆದ ದ್ರಾಕ್ಷಿರಸ. 2003ರ ರೋಮಿನ ಸುತ್ತೋಲೆಯಲ್ಲಿ ಇದು ಸ್ಪಷ್ಟವಾಗಿದೆ. ಸುಣ್ಣದ ಗಡಿಗೆಯನ್ನು ಬಲ್ಲ ನನಗೆ ಆ ಸುತ್ತೋಲೆ ಅಪರಿಚಿತವೆನಿಸಲಿಲ್ಲ.

ಇನ್ನು ಅಜ್ಜಿ. ಕಂಚಿನ ಎಳನೀರಿಗೆ ಹೆದರುತ್ತಿದ್ದ ಅದೇ ಅಜ್ಜಿ ರಾತ್ರಿ ಊಟವಾದ ಮೇಲೆ ದ್ರಾಕ್ಷಾರಿಷ್ಟ ಕುಡಿಯುತ್ತಿದ್ದಳು. ಮನೆಯ ಬಾಣಂತಿಯರಿಗೆಲ್ಲ ದಶಮೂಲಾರಿಷ್ಟ. ಅರಿಷ್ಟ, ಆಸವಗಳೆಂದರೆ ಧಾತಕಿ ಹೂವು ಬೆಲ್ಲ ಸೇರಿಸಿ ಮುಚ್ಚಿಟ್ಟು ಹುದುಗು ಬರಿಸಿದ ಔಷಧಗಳು. ಆಲ್ಕೋಹಾಲನ್ನು ಹೊರಗಿನಿಂದ ಬೆರೆಸುವುದಿಲ್ಲ, ಒಳಗೇ ಹುಟ್ಟುತ್ತದೆ. ಕೆಲವದರಲ್ಲಿ ಬಿಯರಿಗಿಂತ ಹೆಚ್ಚೇ ಇರುತ್ತದೆ. ಅಜ್ಜಿಗೆ ನಾನು ಇದನ್ನು ಹೇಳಲು ಹೋಗಲಿಲ್ಲ. ಹೇಳಿದ್ದರೂ ಅವಳು ಒಪ್ಪುತ್ತಿರಲಿಲ್ಲ, ಮತ್ತು ಅವಳ ಪಕ್ಷದಲ್ಲಿ ಕಾನೂನೂ ಇತ್ತು. ಸಂವಿಧಾನದ 47ನೆಯ ವಿಧಿ ಪಾನನಿಷೇಧದ ಆಶಯ ಹೇಳುವಾಗಲೇ ಔಷಧದ ಉಪಯೋಗವನ್ನು ಹೊರಗಿಟ್ಟಿದೆ. ಅವಳು ಅಳತೆಯ ಚಮಚದಲ್ಲಿ, ಪಂಡಿತರು ಹೇಳಿದಷ್ಟೇ, ಎಲ್ಲರ ಎದುರಿಗೆ ಕುಡಿಯುತ್ತಿದ್ದಳು. ಪಿಂಚಣಿದಾರ ಮಹಾಶಯರ 'ಔಷಧಿ' ಬೀರುವಿನ ಹಿಂದೆ ಇರುತ್ತಿತ್ತು. ಎರಡಕ್ಕೂ ಹೆಸರು ಒಂದೇ, ಪದಾರ್ಥದಲ್ಲೂ ಆಕಾಶಭೂಮಿಯ ಅಂತರವಿಲ್ಲ. ಆದರೂ ಇವನ್ನು ಒಂದೇ ಎಂದು ಬರೆಯಲು ನನ್ನ ಕೈ ಬರುವುದಿಲ್ಲ.

ಯಾಕೆ ಬರುವುದಿಲ್ಲ ಎಂದು ನನಗೇ ಬಿಡಿಸಿ ಹೇಳಿಕೊಳ್ಳಲು ಸಹಾಯಕ್ಕೆ ಬಂದದ್ದು ಮೀಮಾಂಸೆ. ಸೋಮಯಾಗದ ಸೋಮ ಯಾವ ಬಳ್ಳಿ ಎಂದು ಇವತ್ತಿಗೂ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಬ್ರಾಹ್ಮಣಗ್ರಂಥಗಳ ಕಾಲಕ್ಕೇ ಅದು ಸಿಗುವುದು ಕಷ್ಟವಾಗಿತ್ತು. ಸಿಗದಿದ್ದರೆ ಪೂತೀಕ ತನ್ನಿ, ಅದೂ ಇಲ್ಲವಾದರೆ ಇನ್ನೊಂದು ಎಂದು ಆಗಲೇ ಬದಲಿ ಹೇಳಿದ್ದಾರೆ. ಹಿಂಡುವುದು ಬೇರೆ ಗಿಡ, ಕರೆಯುವುದು ಸೋಮ. ಇಲ್ಲಿ ಪದಾರ್ಥ ಹೋಗಿ ಹೆಸರು ಉಳಿದಿದೆ. ಬಾರಿನಲ್ಲಿ ಹೆಸರು ಹೋಗಿ ಪದಾರ್ಥ ಉಳಿದಿರುತ್ತದೆ. ಜೈಮಿನಿಯ ಮೀಮಾಂಸಾಸೂತ್ರದ ಆರನೆಯ ಅಧ್ಯಾಯ ಈ ಪ್ರತಿನಿಧಿಯ ವಿಚಾರವನ್ನು ಬಹಳ ಎಚ್ಚರದಿಂದ ಬಿಡಿಸುತ್ತದೆ. ಭತ್ತ ಸಿಗದಿದ್ದರೆ ಅದನ್ನು ಹೋಲುವ ಕಾಡುಭತ್ತ ನೀವಾರ ಆಗಬಹುದು. ಆಗಲೂ ಮಂತ್ರದಲ್ಲಿ ಭತ್ತದ ಹೆಸರನ್ನು ಬದಲಿಸಬೇಕಿಲ್ಲ. ಆದರೆ ನಿಷಿದ್ಧವಾದದ್ದನ್ನು ಪ್ರತಿನಿಧಿಯಾಗಿ ತರುವಂತಿಲ್ಲ. ದೇವತೆಗೆ ಪ್ರತಿನಿಧಿಯಿಲ್ಲ, ಮಂತ್ರಕ್ಕಿಲ್ಲ, ಮತ್ತು ಯಜಮಾನನಿಗಿಲ್ಲ. ಯಾಗದ ಫಲ ಯಾರಿಗೆ ಬರಬೇಕೋ ಅವನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸುವಂತಿಲ್ಲ.

ಈ ಲೆಕ್ಕ ಹಿಡಿದು ನೋಡಿದರೆ ಕೌಲನ ಎಳನೀರು, ಋತ್ವಿಜರ ಪೂತೀಕ, ಪಾದ್ರಿಯ ಮುಸ್ತುಮ್, ಅಜ್ಜಿಯ ಅರಿಷ್ಟ ಎಲ್ಲಕ್ಕೂ ಒಂದು ಗುಣ ಸಮಾನವಾಗಿದೆ. ಬದಲಿಯೆಂದು ಅಥವಾ ಔಷಧವೆಂದು ಹೇಳಿಯೇ ಹೆಸರು ಕೊಟ್ಟಿದ್ದಾರೆ. ಯಾರು ಹೇಳಿದರು, ಯಾವಾಗ ಸಲ್ಲುತ್ತದೆ, ಎಷ್ಟು ಸಲ್ಲುತ್ತದೆ ಎಂಬುದು ಕೇಳಿದವರಿಗೆಲ್ಲ ಗೊತ್ತು. ಗೆಳೆಯರ ನಡುವೆ ಕಣ್ಣು ಮಿಟುಕಿಸಿ ತೀರ್ಥ ಎನ್ನುವವನ ಮೇಲೂ ನನಗೆ ದೊಡ್ಡ ತಕರಾರಿಲ್ಲ. ಅವನು ಯಾರಿಗೂ ಮೋಸ ಮಾಡುತ್ತಿಲ್ಲ, ಭಕ್ತರಿಗೆ ಸ್ವಲ್ಪ ಇರುಸುಮುರುಸಾದೀತು, ಅಷ್ಟೆ. ನನ್ನ ತಕರಾರು ಬೀರುವಿನ ಹಿಂದಿನ ಹೆಸರಿನ ಮೇಲೆ. ಪರಮಾತ್ಮ ಒಳಗೆ ಹೋಗಿದ್ದಾನೆ ಎಂಬ ಮಾತಿನ ಮೇಲೂ. ಅದು ಶೀಷೆಯ ಹೆಸರನ್ನಲ್ಲ, ಯಜಮಾನನ ಹೆಸರನ್ನೇ ಬದಲಿಸುತ್ತದೆ. ಹೊಡೆದವನು, ಬೈದವನು, ಅಕ್ಕಿಯ ದುಡ್ಡು ಕಳೆದವನು ಯಾರೋ ಒಳಗೆ ಹೋದವನಂತೆ. ಇವನು ಪಾಪ, ಪಾತ್ರೆ ಮಾತ್ರ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಅಂಗಡಿ ಎತ್ತಿಸಿ ಎಂದು ಹೆಂಗಸರು ಕಚೇರಿಗೆ ಬರುತ್ತಿದ್ದರು. ಕುಡಿಯುವವರು ಅಷ್ಟೊಂದು ಹೆಸರು ಕೂಡಿಟ್ಟಿದ್ದರೆ ಇವರ ಬಾಯಲ್ಲಿ ಒಂದೂ ಇರುತ್ತಿರಲಿಲ್ಲ. 'ಕುಡೀತಾನೆ' ಎನ್ನುತ್ತಿದ್ದರು, ಮುಗಿಯಿತು. ಕನ್ನಡದಲ್ಲಿ ಆ ಕ್ರಿಯಾಪದಕ್ಕೆ ಕರ್ಮಪದ ಬೇಕಿಲ್ಲ. ಒಮ್ಮೆ ಹೊಸದಾಗಿ ಬಂದಿದ್ದ ಗುಮಾಸ್ತರು ಅರ್ಜಿಯಲ್ಲಿ ವಿವರ ತುಂಬಿಸಲು ಹೋಗಿ ಒಬ್ಬಾಕೆಯನ್ನು, ಏನನ್ನು ಕುಡಿಯುತ್ತಾನೆ ಎಂದು ಕೇಳಿದರು. "ಅದ್ರ ಹೆಸರು ಕಟ್ಕೊಂಡು ನನಗೇನಾಗ್ಬೇಕು ಸ್ವಾಮಿ, ಕುಡಿಯೋನ ಹೆಸರು ಬರ್ಕೊಳ್ಳಿ" ಎಂದಳು. ಗುಮಾಸ್ತರು ಅವನ ಹೆಸರು, ಊರು, ಹೋಬಳಿ ಬರೆದುಕೊಂಡು, ಪದಾರ್ಥದ ಎದುರಿಗೆ ತಾವೇ 'ಸಾರಾಯಿ' ಎಂದು ತುಂಬಿದರು. ಆ ಊರಿನಲ್ಲಿ ಆಗ ಬೇರೆ ಏನೂ ಸಿಗುತ್ತಿರಲಿಲ್ಲ.